ಸೂರ್ಯೋದಯದ ನಾಡು

ಸೂರ್ಯೋದಯದ ನಾಡು ಎಂಬುದು ಜಪಾನ್ ದೇಶಕ್ಕೆ ಲೋಕದೆಲ್ಲೆಡೆ ರೂಢಿಯಾಗಿರುವ ಹೆಸರು. ಕನ್ನಡದಲ್ಲಿ ಉದಯಸೂರ್ಯನ ನಾಡು, ಉದಯರವಿಯ ನಾಡು ಎಂದೂ ಬರೆಯುತ್ತಾರೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನಾರ್ವೆ ನಡುರಾತ್ರಿಯ ಸೂರ್ಯನ ನಾಡು, ಫಿನ್‌ಲ್ಯಾಂಡ್ ಸಾವಿರ ಸರೋವರಗಳ ನಾಡು ಎಂಬ ಪಟ್ಟಿಯಲ್ಲೇ ಇದನ್ನೂ ಓದಿ ಬೆಳೆದವರಿಗೆ, ಯಾರೋ ಪ್ರವಾಸಿಗರು ಮೆಚ್ಚಿ ಇಟ್ಟ ಅಡ್ಡಹೆಸರಿರಬೇಕು ಎನಿಸುವುದು ಸಹಜ. ಆದರೆ ಇದು ಆ ದೇಶದ ನಿಜನಾಮದ ಅನುವಾದ. ಜಪಾನೀಯರು ತಮ್ಮ ದೇಶವನ್ನು ಕರೆಯುವುದು ನಿಹೊನ್ ಅಥವಾ ನಿಪ್ಪೊನ್ ಎಂದು. ಅದನ್ನು ಎರಡು ಚೀನೀ ಲಿಪಿಚಿಹ್ನೆಗಳಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ ಸೂರ್ಯ, ಹಗಲು ಎಂಬ ಅರ್ಥಗಳಿವೆ. ಎರಡನೆಯದಕ್ಕೆ ಬುಡ, ಮೂಲ ಎಂದರ್ಥ. ಮರ ಎಂಬುದರ ಚಿಹ್ನೆಯ ಬುಡಕ್ಕೆ ಒಂದು ಅಡ್ಡಗೆರೆ ಎಳೆದರೆ ಈ ಚಿಹ್ನೆ ಆಗುತ್ತದೆ. ಎರಡೂ ಕೂಡಿದರೆ ಸೂರ್ಯಮೂಲ, ನೇಸರಿನ ಬುಡ.

ಕನ್ನಡಕ್ಕೆ ಈ ಬಗೆಯ ಹೆಸರು ಹೊಸದಲ್ಲ. ನೇಸರು ಮೂಡುವ ದಿಕ್ಕು ಮೂಡಣ, ಪಡುವ ಎಂದರೆ ಮುಳುಗುವ ದಿಕ್ಕು ಪಡುವಣ. ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿಯೂ ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿಯೂ ಬಿದಿರು ಒಂದೇ. ಊರುಗಳನ್ನು ಬೇರ್ಪಡಿಸಿರುವುದು ದಿಕ್ಕು. ಒಂದು ಊರು ಮೂಡಣದ್ದು ಎನಿಸಿಕೊಳ್ಳಬೇಕಾದರೆ ಅದರ ಪಡುವಣದಲ್ಲಿ ನಿಂತು ನೋಡುವವರೊಬ್ಬರು ಇರಲೇಬೇಕು. ಜಪಾನಿನ ಹೆಸರಿನ ಚರಿತ್ರೆಯನ್ನು ಬಿಡಿಸುವ ಬೀಗದ ಕೈ ಇಲ್ಲಿದೆ. ಈ ದ್ವೀಪಗಳು ಯಾರಿಗೆ ಮೂಡಣ? ಆ ಹೆಸರು ಯಾರ ಕಿವಿಗಾಗಿ ಹುಟ್ಟಿತು?

ವಾ ಎಂಬ ಹಳೆಯ ಹೆಸರು

ನಿಹೊನ್ ಎಂಬ ಹೆಸರು ಹುಟ್ಟುವುದಕ್ಕೆ ನೂರಾರು ವರ್ಷಗಳ ಹಿಂದಿನಿಂದಲೂ ನೆರೆಹೊರೆಯವರು ಈ ದ್ವೀಪವಾಸಿಗಳನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದರು. ಚೀನಾದ ಹಾನ್ ವಂಶದ ಚರಿತ್ರೆಯಲ್ಲಿ ಕೊರಿಯಾದ ಕಡಲಾಚೆ ವಾ ಎಂಬ ಜನರಿದ್ದಾರೆ, ಅವರು ನೂರಕ್ಕೂ ಹೆಚ್ಚು ಚಿಕ್ಕ ನಾಡುಗಳಾಗಿ ಹಂಚಿಹೋಗಿದ್ದಾರೆ ಎಂಬ ಉಲ್ಲೇಖವಿದೆ. ಕ್ರಿ.ಶ. 57ರಲ್ಲಿ ಅಂಥ ಒಂದು ನಾಡಿನ ದೂತರು ಕಾಣಿಕೆ ಹೊತ್ತು ಹಾನ್ ಆಸ್ಥಾನಕ್ಕೆ ಹೋದಾಗ ಗುವಾಂಗ್‌ವೂ ಚಕ್ರವರ್ತಿ ಅವರಿಗೆ ಮುದ್ರೆಯೊಂದನ್ನು ದಯಪಾಲಿಸಿದ. 1784ರಲ್ಲಿ ಫುಕುಓಕಾ ಬಳಿಯ ಶಿಕಾನೊಶಿಮಾ ದ್ವೀಪದ ಹೊಲವೊಂದರಲ್ಲಿ ಚಿನ್ನದ ಮುದ್ರೆಯೊಂದು ಸಿಕ್ಕಿತು. ಪ್ರತಿ ಬದಿ ಸುಮಾರು 2.3 ಸೆಂ.ಮೀ., ತೂಕ ಸುಮಾರು 108 ಗ್ರಾಂ. ಅದರ ಮೇಲೆ ವಾ ಎಂಬ ಹೆಸರಿನ ಹಳೆಯ ರೂಪ ಕೊರೆದಿದೆ. ಚರಿತ್ರೆಯ ಪುಟದಲ್ಲಿದ್ದ ಮುದ್ರೆ ಇದೇ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. 3ನೇ ಶತಮಾನದಲ್ಲಿ ಯಮತಾಯಿ ಎಂಬ ನಾಡನ್ನು ಆಳುತ್ತಿದ್ದ ಹಿಮಿಕೊ ಎಂಬ ರಾಣಿಗೂ ಚೀನಾದ ವೇ ರಾಜ್ಯ ವಾ ಜನರ ಒಡತಿ ಎಂಬ ಬಿರುದನ್ನೇ ಕೊಟ್ಟಿತು.

ಈ ವಾ ಎಂಬುದು ಆ ಜನರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಮಾತಿನಿಂದ ಬಂದಿರಬಹುದು. ಆದರೆ ಅದನ್ನು ಬರೆಯಲು ಚೀನೀಯರು ಆರಿಸಿಕೊಂಡ ಚಿಹ್ನೆ ಗೌರವದ್ದಾಗಿರಲಿಲ್ಲ. ಬಾಗಿದ, ವಿಧೇಯ ಎಂಬ ಅರ್ಥಛಾಯೆ ಅದಕ್ಕಿತ್ತು. ಕುಳ್ಳರು ಎಂಬ ಅರ್ಥವನ್ನೂ ಕೆಲವರು ಅದರಲ್ಲಿ ಕಂಡರು. ಜಪಾನೀಯರು ಚೀನೀ ಲಿಪಿಯನ್ನು ಚೆನ್ನಾಗಿ ಕಲಿತ ಮೇಲೆ, ತಮ್ಮನ್ನು ಬೇರೆಯವರು ಹೇಗೆ ಬರೆಯುತ್ತಾರೆ ಎಂಬುದು ಅವರ ಕಣ್ಣಿಗೆ ಬಿತ್ತು. ಓದು ಬಂದ ಮೇಲೆ ಹಳೆಯ ಹೆಸರು ಚುಚ್ಚತೊಡಗಿತು.

607ರ ಓಲೆ

ಸೂರ್ಯನನ್ನು ದೇಶದ ಗುರುತಾಗಿ ಮುಂದಿಟ್ಟ ಮೊದಲ ಸಂದರ್ಭವೆಂದು ಹೆಸರಾದದ್ದು 607ರ ರಾಯಭಾರ. ಆಗ ಜಪಾನಿನಲ್ಲಿ ಸುಯಿಕೊ ರಾಣಿಯ ಆಳ್ವಿಕೆ. ರಾಜಕಾರ್ಯದಲ್ಲಿ ಅವಳಿಗೆ ನೆರವಾಗಿದ್ದವನು ಶೋತೊಕು ರಾಜಕುಮಾರ. ಚೀನಾವನ್ನು ಸುಯಿ ವಂಶ ಒಂದುಗೂಡಿಸಿ ಇನ್ನೂ 20 ವರ್ಷ ಕಳೆದಿರಲಿಲ್ಲ. ಒನೊ ನೊ ಇಮೊಕೊ ಎಂಬ ದೂತ ಓಲೆಯೊಂದನ್ನು ಹಿಡಿದು ಕಡಲು ದಾಟಿದ. ಸುಯಿ ವಂಶದ ಚರಿತ್ರೆ ಹೇಳುವಂತೆ, ಆ ಓಲೆಯಲ್ಲಿ ಸೂರ್ಯ ಮೂಡುವ ಕಡೆಯ ದೇವಪುತ್ರನು ಸೂರ್ಯ ಮುಳುಗುವ ಕಡೆಯ ದೇವಪುತ್ರನ ಕ್ಷೇಮ ವಿಚಾರಿಸಿದ್ದ. ಯಾಂಗ್ ಚಕ್ರವರ್ತಿಗೆ ಸಿಟ್ಟು ಬಂತು. ಇಂಥ ಅಸಭ್ಯ ಕಾಗದ ಇನ್ನೊಮ್ಮೆ ತನ್ನ ಮುಂದೆ ಬರಕೂಡದೆಂದು ಅಧಿಕಾರಿಗೆ ತಾಕೀತು ಮಾಡಿದ.

ಮುಳುಗುವ ಸೂರ್ಯ ಎಂದದ್ದು ಚೀನಾವನ್ನು ಹೀಗಳೆದಂತಾಯಿತು, ಅದಕ್ಕೇ ಚಕ್ರವರ್ತಿ ಕೆರಳಿದ ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಇತ್ತೀಚಿನ ವಿದ್ವಾಂಸರು, ಮುಖ್ಯವಾಗಿ ತೋನೊ ಹರುಯುಕಿ, ಇದನ್ನು ಒಪ್ಪುವುದಿಲ್ಲ. ಸೂರ್ಯ ಮೂಡುವ ಕಡೆ, ಮುಳುಗುವ ಕಡೆ ಎಂಬ ಜೋಡಿ ಮಾತುಗಳು ಬೌದ್ಧ ಗ್ರಂಥವೊಂದರಲ್ಲಿ ಮೊದಲೇ ಇದ್ದವು. ಅದು ಮಹಾಪ್ರಜ್ಞಾಪಾರಮಿತಾ ಶಾಸ್ತ್ರ. ಸಂಪ್ರದಾಯ ಅದನ್ನು ಆಚಾರ್ಯ ನಾಗಾರ್ಜುನನ ಕೃತಿ ಎನ್ನುತ್ತದೆ. 5ನೇ ಶತಮಾನದ ಆರಂಭದಲ್ಲಿ ಕುಮಾರಜೀವ ಅದನ್ನು ಚೀನೀ ಭಾಷೆಗೆ ತಂದ. ಅಲ್ಲಿ ಆ ಮಾತುಗಳಿಗೆ ಮೂಡಣ, ಪಡುವಣ ಎಂಬುದರ ಆಚೆಗೆ ಏನೂ ಅರ್ಥವಿಲ್ಲ. ಏಳುಬೀಳಿನ ಸೂಚನೆ ಇಲ್ಲ. ಶೋತೊಕುವಿನ ಆಸ್ಥಾನ ಬೌದ್ಧ ಗ್ರಂಥಗಳಲ್ಲಿ ಮುಳುಗಿದ್ದ ಆಸ್ಥಾನ. ಅಲ್ಲಿಯ ಲಿಪಿಕಾರ ಆ ಮಾತನ್ನು ಎತ್ತಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಚಕ್ರವರ್ತಿಯನ್ನು ಕೆರಳಿಸಿದ್ದು ಸೂರ್ಯನ ಮಾತಿಗಿಂತ ದೇವಪುತ್ರ ಎಂಬ ಮಾತು. ಚೀನೀ ನಂಬಿಕೆಯಂತೆ ಆಕಾಶದ ಕೆಳಗೆ ದೇವಪುತ್ರನೊಬ್ಬನೇ. ಕಡಲಾಚೆಯ ದೊರೆ ಅದೇ ಪದವಿಯನ್ನು ತನಗೂ ಹಚ್ಚಿಕೊಂಡಿದ್ದ. ನನ್ನ ಮಟ್ಟಿಗೆ ಈ ವಿವರಣೆಯೇ ಸರಿ. ಮರುವರ್ಷ ಕಳಿಸಿದ ಓಲೆಯಲ್ಲಿ ಜಪಾನೀಯರು ಬದಲಾಯಿಸಿದ್ದು ಏನನ್ನು ಎಂದು ನೋಡಿದರೆ ಸಾಕು. ನಿಹೊನ್ ಶೊಕಿ ಚರಿತ್ರೆಯ ಪ್ರಕಾರ, 608ರ ಓಲೆಯಲ್ಲಿ ದೇವಪುತ್ರ ಎಂಬ ಮಾತು ಹೋಯಿತು; ಮೂಡಣದ ದೊರೆ, ಪಡುವಣದ ದೊರೆ ಎಂಬ ಜೋಡಿ ಉಳಿಯಿತು.

ಭಾರತದಲ್ಲಿ ಬೇರುಬಿಟ್ಟ ಗ್ರಂಥವೊಂದರ ಮಾತು ಮಧ್ಯ ಏಷ್ಯಾದ ಭಿಕ್ಷುವಿನ ಲೇಖನಿಯಿಂದ ಚೀನೀ ಭಾಷೆಗೆ, ಅಲ್ಲಿಂದ ಕೊರಿಯಾದ ದಾರಿಯಲ್ಲಿ ಜಪಾನಿಗೆ ಹೋಗಿ, ಕೊನೆಗೆ ರಾಜನೀತಿಯ ಓಲೆಯಾಗಿ ಮತ್ತೆ ಚೀನಾಕ್ಕೆ ಬಂತು. ಒಂದು ನುಡಿಗಟ್ಟಿನ ಇಷ್ಟು ದೀರ್ಘ ಪಯಣ ಈ ಹೆಸರಿನ ಕಥೆಯಲ್ಲಿ ಭಾರತೀಯ ಓದುಗರು ಗಮನಿಸಲೇಬೇಕಾದ ಭಾಗ.

ಆದರೂ 607ರಲ್ಲಿ ನಿಹೊನ್ ಎಂಬ ಹೆಸರು ಇನ್ನೂ ಹುಟ್ಟಿರಲಿಲ್ಲ. ಓಲೆಯಲ್ಲಿದ್ದದ್ದು ಒಂದು ವರ್ಣನೆ. ವರ್ಣನೆ ಹೆಸರಾಗಲು ಇನ್ನೂ ಸುಮಾರು 90 ವರ್ಷ ಬೇಕಾಯಿತು.

ಸೋಲಿನ ನಂತರ ಬಂದ ಹೆಸರು

663ರಲ್ಲಿ ಕೊರಿಯಾದ ಬೇಕ್‌ಗಾಂಗ್ ನದಿಯ ಬಾಯಲ್ಲಿ ಜಪಾನೀ ನೌಕಾಪಡೆ ಚೀನಾದ ತಾಂಗ್ ವಂಶದ ಮತ್ತು ಕೊರಿಯಾದ ಶಿಲ್ಲಾ ರಾಜ್ಯದ ಸೇನೆಗಳ ಎದುರು ನುಚ್ಚುನೂರಾಯಿತು. ಜಪಾನ್ ನೆರವಿಗೆ ಹೋಗಿದ್ದ ಬೇಕ್ಜೆ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸುವ ಯತ್ನ ಅಲ್ಲಿಗೆ ಮುಗಿಯಿತು. ತಾಂಗ್ ಸೇನೆ ಕಡಲು ದಾಟಿ ಬರಬಹುದೆಂಬ ಭಯದಲ್ಲಿ ಕ್ಯೂಶೂ ದ್ವೀಪದಲ್ಲಿ ಕೋಟೆಕೊತ್ತಲಗಳೆದ್ದವು. 672ರಲ್ಲಿ ಸಿಂಹಾಸನಕ್ಕಾಗಿ ಒಳಯುದ್ಧ ನಡೆದು ತೆಂಮು ಗೆದ್ದ. ಅವನ ಮತ್ತು ಅವನ ನಂತರ ಆಳಿದ ಅವನ ರಾಣಿ ಜಿತೊಳ ಕಾಲದಲ್ಲಿ ರಾಜ್ಯವನ್ನು ಬುಡದಿಂದ ಕಟ್ಟುವ ಕೆಲಸ ಸಾಗಿತು: ಕಾನೂನು, ಕಂದಾಯ, ರಾಜಧಾನಿ, ವಂಶಚರಿತ್ರೆ. ಸೂರ್ಯದೇವಿ ಅಮತೆರಾಸು ರಾಜವಂಶದ ಮೂಲತಾಯಿ ಎಂಬ ನಂಬಿಕೆ ಗಟ್ಟಿಯಾದದ್ದು, ಅವಳ ಇಸೆ ದೇಗುಲಕ್ಕೆ ರಾಜಮರ್ಯಾದೆ ಏರಿದ್ದು ಇದೇ ಕಾಲದಲ್ಲಿ. ತೆನ್ನೋ ಎಂಬ ಚಕ್ರವರ್ತಿ ಪದವಿ ನೆಲೆಗೊಂಡದ್ದೂ ಆಗಲೇ. ಹೊಸ ದೊರೆತನಕ್ಕೆ ಹೊಸ ಹೆಸರು ಬೇಕಿತ್ತು. 701ರ ತೈಹೋ ಸಂಹಿತೆಯಲ್ಲಿ ನಿಹೊನ್ ಎಂಬುದು ದೇಶದ ಅಧಿಕೃತ ಹೆಸರಾಗಿ ನೆಲೆಗೊಂಡಿತು.

ಹೆಸರನ್ನು ಮೊದಲು ಕಡಲಾಚೆಗೆ ಒಯ್ದವರು 702ರಲ್ಲಿ ಹೊರಟ ಅವತ ನೊ ಮಹಿತೊ ಮತ್ತು ಅವನ ಸಂಗಡಿಗರು. ಅವರು ಚೀನಾದ ತೀರ ಮುಟ್ಟಿದಾಗ ನಡೆದ ಮಾತುಕತೆಯನ್ನು ಶೊಕು ನಿಹೊಂಗಿ ಎಂಬ ಚರಿತ್ರೆ ಕಾಪಾಡಿಕೊಂಡಿದೆ. ಎಲ್ಲಿಯ ದೂತರು ಎಂದು ಸ್ಥಳೀಯನೊಬ್ಬ ಕೇಳಿದ. ನಿಹೊನ್ ದೇಶದ ದೂತರು ಎಂದರು ಇವರು. ಇದು ಯಾವ ನಾಡು ಎಂದು ಇವರು ಕೇಳಿದಾಗ, ಇದು ಮಹಾ ಝೌ ಎಂಬ ಉತ್ತರ ಬಂತು. ಇದು ತಾಂಗ್ ಆಗಿತ್ತಲ್ಲ, ಝೌ ಯಾವಾಗ ಆಯಿತು ಎಂದು ದೂತರಿಗೆ ಅಚ್ಚರಿ. 690ರಲ್ಲಿ ವೂ ಝೆಟಿಯನ್ ಸಾಮ್ರಾಜ್ಞಿ ತಾನೇ ಸಿಂಹಾಸನವೇರಿ ವಂಶದ ಹೆಸರನ್ನು ಬದಲಾಯಿಸಿದ್ದಳು. ಸುದ್ದಿ ಜಪಾನನ್ನು ಮುಟ್ಟಿರಲಿಲ್ಲ. ಆ ಚೀನೀಯನಾದರೋ, ಕಡಲ ಮೂಡಣದಲ್ಲಿ ಮಹಾ ವಾ ಎಂಬ ಸಜ್ಜನರ ನಾಡಿದೆ ಎಂದು ಕೇಳಿದ್ದೇನೆ ಎಂದು ಹಳೆಯ ಹೆಸರನ್ನೇ ಹೇಳಿದ. ಇಬ್ಬರಿಗೂ ಇನ್ನೊಬ್ಬರ ಹೊಸ ಹೆಸರು ಗೊತ್ತಿರಲಿಲ್ಲ. ನಿಹೊನ್ ಎಂಬ ಮಾತು ಹೊರಗಿನವರ ಕಿವಿಗೆ ಮೊದಲು ಬಿದ್ದ ಗಳಿಗೆಗಳಲ್ಲಿ ಇದೊಂದು. ಇಷ್ಟು ಜೀವಂತವಾಗಿ ದಾಖಲಾದ ನಾಮಕರಣ ಬೇರೆ ದೇಶಗಳ ಚರಿತ್ರೆಯಲ್ಲಿ ಅಪರೂಪ.

ಸಾಮ್ರಾಜ್ಞಿ ಹೊಸ ಹೆಸರಿಗೆ ಒಪ್ಪಿಗೆ ಕೊಟ್ಟಳು. 736ರ ಹೊತ್ತಿಗೆ ಝಾಂಗ್ ಶೌಜಿಯೆ ಎಂಬ ವಿದ್ವಾಂಸ ಹಳೆಯ ಚರಿತ್ರೆಯೊಂದಕ್ಕೆ ಬರೆದ ವ್ಯಾಖ್ಯಾನದಲ್ಲಿ, ವಾ ಎಂಬ ಹೆಸರನ್ನು ಬದಲಾಯಿಸಿದವಳು ವೂ ಸಾಮ್ರಾಜ್ಞಿಯೇ ಎಂದುಬಿಟ್ಟಿದ್ದಾನೆ. ಚೀನೀ ದೃಷ್ಟಿಯಿಂದ ಇದು ಸಹಜ. ಹೆಸರನ್ನು ಬೇಡಿದವರು ದೂತರು. ದಯಪಾಲಿಸುವ ಅಧಿಕಾರ ಸಿಂಹಾಸನದ್ದು.

ಮುಂದಿನ ಚೀನೀ ಚರಿತ್ರೆಗಳಲ್ಲಿ ಗೊಂದಲವಿದೆ. 945ರಲ್ಲಿ ಮುಗಿದ ಹಳೆಯ ತಾಂಗ್ ಚರಿತ್ರೆ ವಾ ಮತ್ತು ನಿಹೊನ್ ಎರಡನ್ನೂ ಬೇರೆ ಬೇರೆ ದೇಶಗಳೆಂಬಂತೆ ಬರೆದು, ಹೆಸರಿಗೆ ಕಾರಣಗಳನ್ನು ಪಕ್ಕಪಕ್ಕದಲ್ಲಿ ಇಡುತ್ತದೆ. ದೇಶ ಸೂರ್ಯನಿಗೆ ಹತ್ತಿರವಿರುವುದರಿಂದ ಈ ಹೆಸರು ಎಂಬುದೊಂದು. ವಾ ಎಂಬುದು ಚೆನ್ನಾಗಿಲ್ಲವೆಂದು ಅವರೇ ಬದಲಾಯಿಸಿಕೊಂಡರು ಎಂಬುದು ಇನ್ನೊಂದು. ನಿಹೊನ್ ಎಂಬ ಚಿಕ್ಕ ನಾಡು ವಾ ನಾಡನ್ನು ನುಂಗಿತು ಎಂಬುದು ಮೂರನೆಯದು. 1060ರ ಹೊಸ ತಾಂಗ್ ಚರಿತ್ರೆ ಹೆಸರಿನ ಬದಲಾವಣೆಯನ್ನು 670ರ ರಾಯಭಾರದ ನಂತರದ ಮಾತಾಗಿ ಹೇಳುತ್ತದೆ. ಕೊರಿಯಾದ ಸಮ್‌ಗುಕ್ ಸಾಗಿ ನೇರವಾಗಿ 670 ಎಂದೇ ಹೇಳುತ್ತದೆ. ಅದು ಬರೆದದ್ದು 1145ರಲ್ಲಿ, ಅಷ್ಟು ತಡವಾದ ಸಾಕ್ಷಿಯನ್ನು ಹೆಚ್ಚು ನೆಚ್ಚಲಾಗದು.

ಈಚಿನ ದಶಕಗಳಲ್ಲಿ ಈ ಚರ್ಚೆಗೆ ಜೀವ ತುಂಬಿದ್ದು ಶಿಲೆಗಳು. ತಾಂಗ್ ರಾಜಧಾನಿಯಾಗಿದ್ದ ಶಿಯಾನ್ ನಗರದಲ್ಲಿ ಸಮಾಧಿಲೇಖಗಳು ಒಂದೊಂದಾಗಿ ಬೆಳಕಿಗೆ ಬಂದವು. 734ರಲ್ಲಿ ಅಲ್ಲಿಯೇ ತೀರಿಹೋದ ಜಪಾನೀ ವಿದ್ಯಾರ್ಥಿಯೊಬ್ಬನ ಸಮಾಧಿಲೇಖ 2004ರಲ್ಲಿ ಪ್ರಕಟವಾಯಿತು. ಅವನ ದೇಶದ ಹೆಸರು ನಿಹೊನ್ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು 678ರ ಇನ್ನೊಂದು ಲೇಖ. ಬೇಕ್ಜೆ ಮೂಲದ ಸೇನಾಧಿಕಾರಿಯೊಬ್ಬನ ಸಮಾಧಿಯದು. 2011ರಲ್ಲಿ ಅದರ ಸುದ್ದಿ ಹಬ್ಬಿತು. ಸೂರ್ಯ, ಮೂಲ ಎಂಬ ಎರಡು ಚಿಹ್ನೆಗಳೂ ಅದರಲ್ಲಿ ಒಟ್ಟಿಗಿವೆ. ಇದು ದೇಶದ ಹೆಸರಾದರೆ ನಿಹೊನ್ 701ಕ್ಕಿಂತ ಕಾಲು ಶತಮಾನ ಹಿಂದೆ ಹೋಗುತ್ತದೆ. ಆದರೆ ಅಲ್ಲಿ ಅದು ಬರೀ ಮೂಡಣ ಸೀಮೆ ಎಂಬ ಅರ್ಥದಲ್ಲಿದೆ, ಪ್ರಾಯಶಃ ಕೊರಿಯಾದ ಬೇಕ್ಜೆಯನ್ನೇ ಸೂಚಿಸುತ್ತದೆ ಎಂದು ಅನೇಕರು ವಾದಿಸುತ್ತಾರೆ. ಹಾಗಿದ್ದರೆ ಅದರ ಬೆಲೆ ಇನ್ನೂ ಹೆಚ್ಚು. ಸೂರ್ಯಮೂಲ ಎಂಬುದು ಚೀನೀಯರ ಬಾಯಲ್ಲಿ ಮೂಡಣಕ್ಕೆಲ್ಲ ಸಲ್ಲುವ ಮಾತಾಗಿತ್ತು, ಜಪಾನ್ ಅದನ್ನು ಎತ್ತಿಕೊಂಡು ತನ್ನದೊಂದೇ ಹೆಸರನ್ನಾಗಿ ಮಾಡಿಕೊಂಡಿತು ಎಂದಾಗುತ್ತದೆ.

ಚರಿತ್ರಕಾರ ಅಮಿನೊ ಯೊಶಿಹಿಕೊ ಈ ಕಾಲನಿರ್ಣಯಕ್ಕೆ ದೊಡ್ಡ ಮಹತ್ವ ಕೊಟ್ಟವರು. ಹೆಸರು ಹುಟ್ಟಿದ ದಿನವಿದೆ ಎಂದಾದರೆ ಅದಕ್ಕೆ ಮುಂಚೆ ಜಪಾನೂ ಇರಲಿಲ್ಲ, ಜಪಾನೀಯರೂ ಇರಲಿಲ್ಲ. ಶೋತೊಕು ರಾಜಕುಮಾರ ವಾ ಜನರವನೇ ಹೊರತು ಜಪಾನೀಯನಲ್ಲ ಎಂದು ಅವರು ಬರೆದಾಗ ಹಲವರು ಬೆಚ್ಚಿದರು. ದೇಶ ಅನಾದಿ ಎಂಬ ಭಾವನೆಗೆ ಅದು ನೇರ ಪೆಟ್ಟು. ದಾಖಲೆಗಳ ಮಟ್ಟಿಗೆ ಅಮಿನೊ ಅವರ ಮಾತನ್ನು ತಳ್ಳಿಹಾಕಲಾಗದು.

ಒಳಗಿನಿಂದ ಕಂಡ ಹೆಸರುಗಳು

ನಿಹೊನ್ ಎಂಬುದು ಓಲೆಗಳಲ್ಲಿ, ಚೀನೀ ಲಿಪಿಯಲ್ಲಿ ಹೊರಗಿನವರಿಗೆ ತೋರಿಸುವ ಹೆಸರು. ಒಳಗೆ ಜನರ ಬಾಯಲ್ಲಿದ್ದದ್ದು ಯಮಾತೊ. ಇದು ಮೂಲದಲ್ಲಿ ಈಗಿನ ನಾರಾ ಸೀಮೆಯ ಹೆಸರು; ಅಲ್ಲಿಯ ಅರಸರ ಆಳ್ವಿಕೆ ಹರಡಿದಂತೆ ಇಡೀ ದೇಶಕ್ಕೆ ಸಂದಿತು. 712ರ ಕೊಜಿಕಿ ಎಂಬ ಚರಿತ್ರೆಯಲ್ಲಿ ನಿಹೊನ್ ಎಂಬ ಬರಹವೇ ಇಲ್ಲ. 720ರ ನಿಹೊನ್ ಶೊಕಿಯಲ್ಲಿ ಅದು ಪುಸ್ತಕದ ಹೆಸರಿನಲ್ಲೇ ಇದೆ. ಆದರೆ ಈ ಎರಡು ಚಿಹ್ನೆಗಳನ್ನು ಯಮಾತೊ ಎಂದು ಓದತಕ್ಕದ್ದು ಎಂಬ ಸೂಚನೆಯೂ ಅಲ್ಲಿಯೇ ಇದೆ. ಕೊಜಿಕಿ ನಾಡಿನವರಿಗಾಗಿ ಬರೆದದ್ದು, ನಿಹೊನ್ ಶೊಕಿ ಚೀನೀ ಭಾಷೆಯಲ್ಲಿ ಹೊರಗಿನವರಿಗೂ ತಿಳಿಯುವಂತೆ ಬರೆದದ್ದು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಬಿಡಿಸಿಕೊಳ್ಳುತ್ತದೆ.

ಹಳೆಯ ಪುರಾಣಗಳಲ್ಲಿ ಬರುವ ಇತರ ಹೆಸರುಗಳನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಒಯಾಶಿಮಾ ಎಂದರೆ ಎಂಟು ದೊಡ್ಡ ದ್ವೀಪಗಳ ನಾಡು. ಅಕಿತ್ಸುಶಿಮಾ ಎಂದರೆ ಏರೋಪ್ಲೇನ್ ಚಿಟ್ಟೆಯ ದ್ವೀಪ. ಇನ್ನೊಂದು ಉದ್ದನೆಯ ಹೆಸರಿನ ಅರ್ಥ ಜೊಂಡು ಸೊಂಪಾಗಿ ಬೆಳೆದ ಬಯಲಿನ, ಭತ್ತದ ತೆನೆ ತೂಗುವ ನಾಡು. ಇವೆಲ್ಲ ಗದ್ದೆಯ ಬದುವಿನ ಮೇಲೆ ನಿಂತು ಸುತ್ತ ನೋಡಿದವರು ಇಟ್ಟ ಹೆಸರುಗಳು. ಭತ್ತ, ಜೊಂಡು, ಹಾರಾಡುವ ಚಿಟ್ಟೆ, ಎಲ್ಲವೂ ಕೈಗೆಟುಕುವ ದೂರದಲ್ಲಿವೆ. ಅವುಗಳ ನಡುವೆ ಸೂರ್ಯಮೂಲ ಎಂಬ ಹೆಸರು ಮಾತ್ರ ಕಡಲಾಚೆಯಿಂದ ನೋಡಿದ ಹಾಗಿದೆ.

ಸೂರ್ಯಮೂಲಕ್ಕೆ ಅಚ್ಚ ಜಪಾನೀ ಮಾತು ಹಿನೊಮೊತೊ. ಮನ್ಯೋಶೂ ಎಂಬ 8ನೇ ಶತಮಾನದ ಕವನಸಂಗ್ರಹದಲ್ಲಿ ಇದು ಯಮಾತೊ ಎಂಬ ಹೆಸರಿಗೆ ವಿಶೇಷಣವಾಗಿ ಬರುತ್ತದೆ. 702ರ ದೂತರ ತಂಡದಲ್ಲಿ ಹೋಗಿದ್ದ ಯಮನೊಉಎ ನೊ ಒಕುರಾ ಎಂಬ ಕವಿ ಚೀನಾದಲ್ಲಿದ್ದಾಗ ಊರಿನ ಹಂಬಲದಲ್ಲಿ ಕಟ್ಟಿದ ಚಿಕ್ಕ ಕವನದಲ್ಲಿಯೂ ಆ ಎರಡು ಚಿಹ್ನೆಗಳಿವೆ. ದೇಶದ ಹೆಸರನ್ನು ರಾಜಕಾರ್ಯಕ್ಕೆ ಒಯ್ದ ಹಡಗೇ ಅದನ್ನು ಕವಿತೆಗೂ ತಂದಿತು.

ಯಾರಿಗೆ ಮೂಡಣ?

10ನೇ ಶತಮಾನದ ಮೊದಲ ಅರ್ಧದಲ್ಲಿ ಕ್ಯೋತೊ ಆಸ್ಥಾನದಲ್ಲಿ ನಿಹೊನ್ ಶೊಕಿಯನ್ನು ಓದಿ ವ್ಯಾಖ್ಯಾನಿಸುವ ಸಭೆಗಳು ನಡೆಯುತ್ತಿದ್ದವು. 936ರಲ್ಲಿ ಆರಂಭವಾದ ಅಂಥ ಒಂದು ಉಪನ್ಯಾಸಮಾಲೆಯ ಟಿಪ್ಪಣಿಗಳು ಉಳಿದಿವೆ. ಅಲ್ಲಿ ಆಸ್ಥಾನಿಕನೊಬ್ಬ ನೇರವಾದ ಪ್ರಶ್ನೆ ಎತ್ತಿದ. ನಮ್ಮ ದೇಶದಲ್ಲಿ ನಿಂತು ನೋಡಿದರೆ ಸೂರ್ಯ ದೇಶದ ಒಳಗಿನಿಂದ ಹುಟ್ಟುವುದಿಲ್ಲವಲ್ಲ, ಹಾಗಿರುವಾಗ ನಾವೇಕೆ ಸೂರ್ಯ ಮೂಡುವ ನಾಡು? ಉಪನ್ಯಾಸಕ ಯತಾಬೆ ನೊ ಕಿಂಮೊಚಿ ಕೊಟ್ಟ ಉತ್ತರದ ಸಾರ: ಚೀನಾದಿಂದ ನೋಡಿದರೆ ನಾವು ಸೂರ್ಯ ಮೂಡುವ ಕಡೆ ಇದ್ದೇವೆ, ಅದಕ್ಕೇ ಆ ಹೆಸರು. ಸಾವಿರ ವರ್ಷಗಳಲ್ಲಿ ಈ ಹೆಸರಿನ ಬಗ್ಗೆ ಬಂದ ವಿವರಣೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಮೂಡಣಕ್ಕೆ ಒಂದು ಗುಣವಿದೆ. ಹತ್ತಿರ ಹೋದಂತೆ ಅದು ದೂರ ಸರಿಯುತ್ತದೆ. ಮಧ್ಯಯುಗದ ಜಪಾನಿನಲ್ಲಿ ಹಿನೊಮೊತೊ ಎಂಬ ಮಾತಿಗೆ ಇನ್ನೊಂದು ಅರ್ಥ ಬೆಳೆಯಿತು. ಹೊನ್‌ಶೂ ದ್ವೀಪದ ಈಶಾನ್ಯ ತುದಿ, ಅದರಾಚೆಗಿನ ಎಜೊ ಎಂದರೆ ಈಗಿನ ಹೊಕ್ಕೈದೊ ಸೀಮೆಯನ್ನು ಕ್ಯೋತೊ ಕಡೆಯವರು ಹಿನೊಮೊತೊ ಎನ್ನತೊಡಗಿದರು. 1356ರ ಚಿತ್ರಸುರುಳಿಯೊಂದರ ಬರಹ ಎಜೊ ಜನರಲ್ಲಿ ಮೂರು ಪಂಗಡಗಳನ್ನು ಹೇಳಿ ಒಂದನ್ನು ಹಿನೊಮೊತೊ ಎಂದು ಕರೆಯುತ್ತದೆ. 15ನೇ ಶತಮಾನದಲ್ಲಿ ತ್ಸುಗಾರು ಸೀಮೆಯ ಆಂದೊ ವಂಶದ ಪಾಳೆಯಗಾರ ಹಿನೊಮೊತೊ ಸೇನಾಪತಿ ಎಂಬ ಬಿರುದನ್ನು ಹೊತ್ತಿದ್ದ. ಚೀನಾಕ್ಕೆ ಜಪಾನ್ ಹೇಗೋ, ಕ್ಯೋತೊಗೆ ಈಶಾನ್ಯದ ಕಾಡುಮೇಡು ಹಾಗೆ.

ಚೀನೀ ಪುರಾಣದ ಫುಸಾಂಗ್ ಎಂಬ ಮರವೂ ಇದೇ ಕಲ್ಪನೆಯ ಕೂಸು. ಮೂಡಣ ಕಡಲಿನಾಚೆ ಬೆಳೆದ ಆ ಹಿಪ್ಪುನೇರಳೆ ಮರದ ಕೊಂಬೆಗಳಿಂದ ಸೂರ್ಯರು ಏಳುತ್ತಾರೆಂಬ ಕಥೆ. ಜಪಾನೀಯರು ಅದನ್ನು ಫುಸೊ ಎಂದು ಉಚ್ಚರಿಸಿ ತಮ್ಮ ನಾಡಿನ ಕಾವ್ಯನಾಮವಾಗಿ ತೆಗೆದುಕೊಂಡರು. ಇಂದು ಲಾರಿ, ಬಸ್ಸುಗಳ ಮೇಲೆ ಕಾಣುವ ಫುಸೊ ಎಂಬ ಹೆಸರೂ ಅದೇ.

ಬೌದ್ಧರು ತಮ್ಮದೇ ಅರ್ಥ ಹುಡುಕಿದರು. ವೈರೋಚನ ಬುದ್ಧನಿಗೆ ಜಪಾನಿನಲ್ಲಿ ದೈನಿಚಿ ಎಂದು ಹೆಸರು, ಎಂದರೆ ಮಹಾಸೂರ್ಯ. ದೈ ನಿಹೊನ್ ಎಂದು ದೇಶದ ಹೆಸರನ್ನು ಗೌರವದಿಂದ ಹೇಳುವಾಗಿನ ಮೊದಲೆರಡು ಚಿಹ್ನೆಗಳೂ ದೈನಿಚಿಯ ಚಿಹ್ನೆಗಳೂ ಒಂದೇ. ಹಾಗಾಗಿ ಇದು ವೈರೋಚನನ ಮೂಲಸ್ಥಾನ ಎಂದು ಮಧ್ಯಯುಗದ ಶಿಂಗೊನ್ ಪಂಥದ ಭಿಕ್ಷುಗಳು ವ್ಯಾಖ್ಯಾನಿಸಿದರು. ಬೌದ್ಧ ಭೂಗೋಳದಲ್ಲಿ ಜಪಾನ್ ಭಾರತದಿಂದ ಬಹುದೂರದ, ಕಾಳು ಚೆಲ್ಲಿದಂಥ ಅಂಚಿನ ನಾಡು. ಆ ಕೊರಗನ್ನು ಈ ವ್ಯಾಖ್ಯಾನ ನೀಗಿಸಿತು.

ಪಕಾರ ಹಕಾರವಾದ ಬಗೆ

ನಿಪ್ಪೊನ್ ಸರಿಯೋ ನಿಹೊನ್ ಸರಿಯೋ ಎಂಬ ಪ್ರಶ್ನೆ ಜಪಾನೀಯರನ್ನೇ ಕಾಡಿದ್ದು. ಇದನ್ನು ಕನ್ನಡಿಗರಷ್ಟು ಸುಲಭವಾಗಿ ಬೇರೆಯವರು ಅರಿಯಲಾರರು. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಆದರೆ ಅಪ್ಪ, ಉಪ್ಪು, ತಪ್ಪು, ತುಪ್ಪ ಹಾಗೆಯೇ ಉಳಿದವು. ಒತ್ತಕ್ಷರದಲ್ಲಿದ್ದ ಪಕಾರಕ್ಕೆ ಏನೂ ಆಗಲಿಲ್ಲ. ಜಪಾನೀ ಭಾಷೆಯಲ್ಲೂ ಒಂಟಿ ಪಕಾರ ಮೊದಲು ತುಟಿಯ ಫಕಾರವಾಗಿ ಆಮೇಲೆ ಹಕಾರವಾಯಿತು. ಒತ್ತಿನ ಪಕಾರ ಗಟ್ಟಿಯಾಗಿ ನಿಂತಿತು. ಎರಡು ಭಾಷೆಗಳಿಗೂ ನಂಟಿಲ್ಲ, ಬದಲಾದ ಬಗೆ ಮಾತ್ರ ಒಂದೇ.

ಹೆಸರಿನ ಎರಡು ಚಿಹ್ನೆಗಳ ಹಳೆಯ ಉಚ್ಚಾರ ಸರಿಸುಮಾರು ನಿತ್ ಮತ್ತು ಪೊನ್. ತಕಾರ ಮುಂದಿನ ಪಕಾರದಲ್ಲಿ ಬೆರೆತು ನಿಪ್ಪೊನ್ ಆಯಿತು. ಹಿಂದಿನ ಜಪಾನೀ ಬರಹದಲ್ಲಿ ಒತ್ತನ್ನು ತೋರಿಸುವ ಗುರುತು ಇರಲಿಲ್ಲ. ಒತ್ತಿಲ್ಲದೆ ಬರೆದದ್ದನ್ನು ಒತ್ತಿಲ್ಲದೆ ಓದುವ ಮೃದು ರೂಪವೂ ಬೆಳೆದು, ಅದರ ಒಂಟಿ ಪಕಾರ ರೂಢಿಯಂತೆ ಸಡಿಲವಾಗಿ ನಿಫೊನ್, ನಿಹೊನ್ ಆಯಿತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. 1603ರಲ್ಲಿ ಜೆಸುಯಿಟ್ ಪಾದ್ರಿಗಳು ನಾಗಸಾಕಿಯಲ್ಲಿ ಅಚ್ಚು ಹಾಕಿಸಿದ ಜಪಾನೀ-ಪೋರ್ಚುಗೀಸ್ ನಿಘಂಟಿನಲ್ಲಿ ನಿಫೊನ್, ನಿಪ್ಪೊನ್, ಜಿಪ್ಪೊನ್ ಮೂರೂ ಇವೆ.

1934ರಲ್ಲಿ ಶಿಕ್ಷಣ ಇಲಾಖೆಯ ಭಾಷಾ ಸಮಿತಿ ನಿಪ್ಪೊನ್ ಎಂಬುದನ್ನೇ ಎತ್ತಿಹಿಡಿಯಿತು, ಆದರೆ ಅದು ಕಾನೂನಾಗಲಿಲ್ಲ. ಅಂಚೆಚೀಟಿಗಳ ಮೇಲೆ, ನೋಟುಗಳ ಮೇಲೆ, ಆಟದ ಮೈದಾನದ ಕೂಗಿನಲ್ಲಿ ನಿಪ್ಪೊನ್. ದಿನನಿತ್ಯದ ಮಾತಿನಲ್ಲಿ ಹೆಚ್ಚಾಗಿ ನಿಹೊನ್. ತೋಕ್ಯೊದ ಸೇತುವೆ ನಿಹೊನ್‌ಬಾಶಿ, ಅದೇ ಚಿಹ್ನೆಗಳಲ್ಲಿ ಬರೆಯುವ ಒಸಾಕಾದ ಬಡಾವಣೆ ನಿಪ್ಪೊನ್‌ಬಾಶಿ. 2009ರಲ್ಲಿ ಸಂಸತ್ತಿನ ಪ್ರಶ್ನೆಯೊಂದಕ್ಕೆ ಉತ್ತರಿಸಿದ ಸರ್ಕಾರ, ಎರಡೂ ಬಳಕೆಯಲ್ಲಿವೆ, ಒಂದಕ್ಕೇ ಕಟ್ಟುಹಾಕುವ ಅಗತ್ಯವಿಲ್ಲ ಎಂದಿತು.

ಜಪಾನ್ ಎಂಬ ರೂಪ ಬಂದದ್ದು ಚೀನಾದ ದಾರಿಯಲ್ಲಿ. ಉತ್ತರ ಚೀನಾದ ಉಚ್ಚಾರದಲ್ಲಿ ಮೊದಲಿನ ನಕಾರ ಜಕಾರಕ್ಕೆ ಹತ್ತಿರವಾದ ಧ್ವನಿಯಾಗಿ ಮಾರ್ಪಟ್ಟಿತ್ತು. 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಕೇಳಿ ಬರೆದ ಚಿಪಂಗು ಎಂಬುದು ಆ ಉಚ್ಚಾರ. ಕೊನೆಯ ಗು ಎಂದರೆ ದೇಶ. ಅವನು ವರ್ಣಿಸಿದ ಚಿನ್ನದ ಮಾಡಿನ ಅರಮನೆಯ ಆಸೆ ಕೊಲಂಬಸನನ್ನೂ ಹಿಡಿದಿತ್ತು. 1492ರಲ್ಲಿ ಕ್ಯೂಬಾದ ಸುದ್ದಿ ಕೇಳಿ ಅದೇ ಚಿಪಂಗು ಇರಬೇಕೆಂದು ಅವನು ಎಣಿಸಿದ. ತೆಂಕಣ ಚೀನಾದ ವರ್ತಕರಿಂದ ಈ ಹೆಸರು ಮಲಯ ಭಾಷೆಗೂ, ಮಲಾಕ್ಕಾದಲ್ಲಿ ನೆಲೆಯೂರಿದ ಪೋರ್ಚುಗೀಸರಿಗೂ ದಾಟಿ, ಅವರಿಂದ ಯುರೋಪಿನ ಭಾಷೆಗಳಿಗೆ ಹೋಯಿತು. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಜಪಾನ್ ಅದೇ ಮಾತು. ಸೂರ್ಯೋದಯದ ನಾಡು ಜಪಾನ್ ಎಂದಾಗ ನಾವು ಒಂದೇ ಹೆಸರನ್ನು ಎರಡು ಸಲ ಹೇಳುತ್ತೇವೆ.

ಬಾವುಟವೂ ಬಿರುದೂ

ಬಿಳಿಯ ಮೇಲೆ ಕೆಂಪು ಬಿಂಬವಿರುವ ಹಿನೊಮಾರು ಬಾವುಟ ದೇಶದ ಗುರುತಾದದ್ದು ಮತ್ತೆ ಹೊರ ಹಡಗುಗಳ ಕಾರಣದಿಂದಲೇ. 1853ರಲ್ಲಿ ಅಮೆರಿಕದ ಪೆರ್ರಿಯ ನೌಕೆಗಳು ಬಂದವು. ಮರುವರ್ಷ, ಜಪಾನೀ ಹಡಗುಗಳನ್ನು ಹೊರಗಿನವರ ಹಡಗುಗಳಿಂದ ಬೇರೆ ಮಾಡಿ ಗುರುತಿಸಲು ಈ ಬಾವುಟ ಹಾರಿಸಬೇಕೆಂದು ಶೋಗುನ್ ಸರ್ಕಾರ ಆಜ್ಞೆ ಹೊರಡಿಸಿತು. 1870ರಲ್ಲಿ ಮೇಜಿ ಸರ್ಕಾರ ಅದನ್ನು ವ್ಯಾಪಾರಿ ಹಡಗುಗಳಿಗೆ ವಿಧಿಸಿತು. ರಾಷ್ಟ್ರಧ್ವಜ ಎಂಬ ಕಾನೂನಿನ ಪಟ್ಟ ಸಿಕ್ಕಿದ್ದು 1999ರಲ್ಲಿ.

19ನೇ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮದ ಪತ್ರಿಕೆಗಳು, ಪ್ರವಾಸಕಥನಗಳು ಸೂರ್ಯೋದಯದ ನಾಡು ಎಂಬ ಮಾತನ್ನು ಮನೆಮಾತಾಗಿಸಿದವು. ಅದಕ್ಕೆ ಹೊಸ ಅರ್ಥವನ್ನು ತುಂಬಿದವರು ಜಪಾನೀಯರೇ. 1872ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಔತಣವೊಂದರಲ್ಲಿ ಯುವ ಮುತ್ಸದ್ದಿ ಇತೊ ಹಿರೊಬುಮಿ ಇಂಗ್ಲಿಷಿನಲ್ಲಿ ಭಾಷಣ ಮಾಡಿ, ತಮ್ಮ ಬಾವುಟದ ಕೆಂಪು ಬಿಂಬ ಇನ್ನು ಮುಂದೆ ಮುಚ್ಚಿದ ಸಾಮ್ರಾಜ್ಯದ ಮೇಲೆ ಒತ್ತಿದ ಮೊಹರಿನಂತೆ ಕಾಣುವುದಿಲ್ಲ, ಲೋಕದ ಮುಂದುವರಿದ ರಾಷ್ಟ್ರಗಳ ನಡುವೆ ಮೇಲೇರುವ ಸೂರ್ಯನಾಗಿ ಕಾಣುತ್ತದೆ ಎಂದ. ಅಲ್ಲಿಯವರೆಗೆ ದಿಕ್ಕನ್ನು ಹೇಳುತ್ತಿದ್ದ ಹೆಸರು ಅಂದಿನಿಂದ ಏಳಿಗೆಯನ್ನು ಹೇಳತೊಡಗಿತು.

ಭಾರತದಲ್ಲಿಯೂ ಆ ಏಳಿಗೆಯ ಬೆಳಕು ಬಿತ್ತು. 1898ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣ ಮತ್ತು ಕೈಗಾರಿಕೆಯನ್ನು ಕಣ್ಣಾರೆ ಕಂಡು ಬಂದರು. ಮೈಸೂರಿಗಾಗಿ ಅವರು ಕಂಡ ಕನಸುಗಳಲ್ಲಿ ಆ ಮಾದರಿಯ ನೆರಳಿದೆ. 1905ರಲ್ಲಿ ರಷ್ಯಾ ಸೋತಾಗ ಏಷ್ಯಾದ ಸೂರ್ಯ ಮೂಡಿದನೆಂದು ಭಾರತದ ತರುಣರು ಹಿಗ್ಗಿದರು. 1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಟ್ಯಾಗೋರರು ಆ ದೇಶವನ್ನು ಮೆಚ್ಚಿಯೂ ಅಲ್ಲಿ ಬೆಳೆಯುತ್ತಿದ್ದ ರಾಷ್ಟ್ರಮದದ ಬಗ್ಗೆ ಎಚ್ಚರಿಸಿದರು. ಅವರ ಭಯ ನಿಜವಾಯಿತು. 16 ಕಿರಣಗಳ ಸೈನಿಕ ಬಾವುಟದ ಕೆಳಗೆ ಕೊರಿಯಾ, ಚೀನಾ, ಆಗ್ನೇಯ ಏಷ್ಯಾ ಪಟ್ಟ ಪಾಡಿನಿಂದಾಗಿ, ಆ ಬಾವುಟ ಎಲ್ಲಿಯಾದರೂ ಹಾರಿದರೆ ಸೋಲ್ ಮತ್ತು ಬೀಜಿಂಗ್‌ಗಳಲ್ಲಿ ಇಂದಿಗೂ ನೋವಿನ ಪ್ರತಿಭಟನೆ ಏಳುತ್ತದೆ. ಯುದ್ಧದಲ್ಲಿ ಸೋತ ಮೇಲೆ, 1947ರಲ್ಲಿ, ದಜಾಯಿ ಒಸಾಮು ಬರೆದ ಕಾದಂಬರಿಯ ಹೆಸರು ಶಾಯೊ, ಎಂದರೆ ಇಳಿಹೊತ್ತಿನ ಸೂರ್ಯ. ದಿಕ್ಕೆಟ್ಟ ಸಿರಿವಂತ ಮನೆತನದ ಆ ಕಥೆ ಎಷ್ಟು ನಾಟಿತೆಂದರೆ, ಬಾಳಿ ಬಡವಾದವರನ್ನು ಇಳಿಸೂರ್ಯನ ಕುಲದವರು ಎಂದು ಕರೆಯುವ ಮಾತೇ ಜಪಾನೀ ಭಾಷೆಗೆ ಸೇರಿತು. ಅದೇ ವರ್ಷ ಜಾರಿಗೆ ಬಂದ ಸಂವಿಧಾನದಲ್ಲಿ ಮಹಾ ನಿಪ್ಪೊನ್ ಸಾಮ್ರಾಜ್ಯ ಎಂಬ ಹೆಸರು ಹೋಗಿ ನಿಹೊನ್ ದೇಶ ಎಂಬಷ್ಟೇ ಉಳಿಯಿತು.

ಇತರ ಮೂಡಣ ನಾಡುಗಳು

ಸೂರ್ಯನ ದಿಕ್ಕಿನಿಂದ ಹೆಸರು ಪಡೆದ ನಾಡುಗಳು ಬೇರೆಯೂ ಇವೆ. ಟರ್ಕಿಯ ಅನತೋಲಿಯಾ ಎಂದರೆ ಗ್ರೀಕರಿಗೆ ಸೂರ್ಯ ಮೂಡುವ ಕಡೆ. ಮೆಡಿಟರೇನಿಯನ್ ಮೂಡಣ ಕರಾವಳಿಗೆ ಲೆವಾಂಟ್ ಎಂದು ಹೆಸರು, ಅದರ ಅರ್ಥವೂ ಮೂಡುವುದು. ಪರ್ಷಿಯನ್ನರಿಗೆ ಖೊರಾಸಾನ್ ಸೂರ್ಯ ಬರುವ ಸೀಮೆ. ಅರಬ್ಬರಿಗೆ ಮೊರಾಕ್ಕೊ ಸೂರ್ಯ ಮುಳುಗುವ ಮಗ್ರಿಬ್. ಮಲಯ ಭಾಷೆಯಲ್ಲಿ ತಿಮುರ್ ಎಂದರೆ ಮೂಡಣ. ತಿಮೋರ್ ದ್ವೀಪದ ಮೂಡಣ ಭಾಗ 2002ರಲ್ಲಿ ಸ್ವತಂತ್ರವಾದಾಗ ತನ್ನ ತೆತುಮ್ ಭಾಷೆಯಲ್ಲಿ ತಿಮೋರ್ ಲೊರೊಸಾಎ, ಎಂದರೆ ಸೂರ್ಯೋದಯದ ತಿಮೋರ್ ಎಂದೂ ಕರೆದುಕೊಂಡಿತು. 1967ರಿಂದ 1970ರವರೆಗೆ ಬಾಳಿದ ಆಫ್ರಿಕಾದ ಬಿಯಾಫ್ರಾ ತನ್ನ ರಾಷ್ಟ್ರಗೀತೆಗೆ ಸೂರ್ಯೋದಯದ ನಾಡು ಎಂದೇ ಹೆಸರಿಟ್ಟಿತ್ತು. ಜಪಾನಿನ ನೆರೆಯ ಕೊರಿಯಾದ ಹಳೆಯ ಹೆಸರು ಜೊಸೊನ್‌ನಲ್ಲಿಯೂ ಬೆಳಗು ಎಂಬ ಚಿಹ್ನೆಯಿದೆ. ಪಶ್ಚಿಮದವರು ಅದನ್ನು ಪ್ರಶಾಂತ ಮುಂಜಾನೆಯ ನಾಡು ಎಂದು ಅನುವಾದಿಸಿದರು.

ದಿನದ ಮೊದಲ ಸೂರ್ಯ ಜಪಾನಿನಲ್ಲೇ ಮೂಡುತ್ತಾನೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ, ಅದು ತಪ್ಪು. ಜಪಾನಿನ ಗಡಿಯಾರ ಹ್ಯೋಗೊ ಪ್ರಾಂತದ ಅಕಾಶಿಯ ಮೇಲೆ ಹಾಯುವ 135 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ನ್ಯೂಜಿಲೆಂಡ್, ಫಿಜಿ, ಕಿರಿಬಾತಿಗಳಲ್ಲಿ ಅದಕ್ಕೆ ಗಂಟೆಗಟ್ಟಲೆ ಮೊದಲೇ ಹೊಸ ದಿನ ಆರಂಭವಾಗಿರುತ್ತದೆ. ಜಪಾನೀಯರಿಗೆ ವರ್ಷದ ಮೊದಲ ಸೂರ್ಯೋದಯ ನೋಡುವುದು ಹಬ್ಬ; ಅದನ್ನು ಹತ್ಸುಹಿನೊದೆ ಎನ್ನುತ್ತಾರೆ. ಬೆಟ್ಟಗಳನ್ನೂ ದೂರದ ದ್ವೀಪಗಳನ್ನೂ ಬಿಟ್ಟರೆ ಜನವರಿ 1ರಂದು ಸೂರ್ಯ ಎಲ್ಲರಿಗಿಂತ ಮೊದಲು ಕಾಣುವುದು ಚಿಬಾ ಪ್ರಾಂತದ ಇನುಬೊ ಭೂಶಿರದಲ್ಲಿ. 1874ರ ಬಿಳಿಯ ದೀಪಸ್ತಂಭವೊಂದು ಅಲ್ಲಿದೆ. ಕೊರೆಯುವ ಚಳಿಯಲ್ಲಿ ಕತ್ತಲಿರುವಾಗಲೇ ಜನ ಬಂದು ಅದರ ಬುಡದಲ್ಲಿ ಸೇರುತ್ತಾರೆ, ನೆಲಕ್ಕೆ ಬೆನ್ನು ಮಾಡಿ ಪೆಸಿಫಿಕ್ ಕಡಲಿನ ಕಡೆ ತಿರುಗಿ ನಿಲ್ಲುತ್ತಾರೆ. 6 ಗಂಟೆ 46 ನಿಮಿಷದ ಸುಮಾರಿಗೆ ದೂರದ ನೀರಿನಿಂದ ಸೂರ್ಯ ಮೇಲೇಳುತ್ತಾನೆ.